ಫ್ಯಾಮಿಲಿ ಎಸ್‌ಯುವಿಗೆ ಪವರ್ ಟೈಲ್‌ಗೇಟ್ ಬೇಕೇ ಬೇಕಾ? ಅದಕ್ಕೋಸ್ಕರ ಮೇಲಿನ ವೇರಿಯಂಟ್‌ಗೆ ಹೋಗಬಹುದಾ?

ಹಾಸನದ ಹುಡುಗ:
ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನಲ್ಲಿದ್ದೇವೆ, ಅಪ್ಪ ಅಮ್ಮ ಹಾಸನದಲ್ಲಿ. ಹಬ್ಬಕ್ಕೋ ಮದುವೆಗೋ ಎಲ್ಲರೂ ಸೇರಿ ಹೊರಟರೆ ಆರು ಜನ. ಅದಕ್ಕೇ ಮೂರು ಸಾಲು ಸೀಟಿನ ಗಾಡಿ ಹುಡುಕುತ್ತಿದ್ದೇನೆ. ಟಾಟಾ ಸಫಾರಿ ಮತ್ತು ಟೊಯೋಟಾ ಹೈಕ್ರಾಸ್ ಎರಡನ್ನೂ ಓಡಿಸಿ ನೋಡಿದ್ದಾಯಿತು. ಓಡುವ ವಿಷಯದಲ್ಲಿ ಎರಡೂ ಒಪ್ಪಿಗೆಯೇ.

ಸಿಕ್ಕಿಕೊಂಡಿರುವುದು ವೇರಿಯಂಟ್‌ನಲ್ಲಿ. ತಾನಾಗಿ ತೆರೆದು ಮುಚ್ಚುವ ಡಿಕ್ಕಿ ಬಾಗಿಲು, ಅಂದರೆ ಪವರ್ ಟೈಲ್‌ಗೇಟ್, ಮೇಲಿನ ವೇರಿಯಂಟ್‌ನಲ್ಲಿ ಮಾತ್ರ ಬರುತ್ತದೆ. ಸೇಲ್ಸ್‌ನವರು ಬಂಪರ್ ಕೆಳಗೆ ಕಾಲು ಆಡಿಸಿ ತೆರೆದು ತೋರಿಸಿದರು. ಮಕ್ಕಳು ಕುಣಿದಾಡಿದರು. ನನಗೆ ಮಾತ್ರ ಇನ್ನೂ ಅನುಮಾನ. ಕೈಯಲ್ಲಿ ಎತ್ತಿ ಕೈಯಲ್ಲಿ ಮುಚ್ಚುವ ಕೆಲಸಕ್ಕೆ ಮೋಟಾರ್ ಯಾಕೆ? ಐದಾರು ವರ್ಷ ಆದ ಮೇಲೆ ಕೆಟ್ಟರೆ ಖರ್ಚೆಷ್ಟು? ಬಳಸಿದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿ ತೋಟ:
ಬೇಡ ಅಂತಲೇ ನನ್ನ ಮಾತು. ನಮ್ಮದು ಮಹೀಂದ್ರಾ ಎಕ್ಸ್‌ಯುವಿ 700. ಆ ಗಾಡಿ 2021ರಲ್ಲಿ ಬಂದಾಗ ಅಷ್ಟೆಲ್ಲ ಕೊಟ್ಟರೂ ಪವರ್ ಟೈಲ್‌ಗೇಟ್ ಕೊಟ್ಟಿರಲಿಲ್ಲ, ಅದಕ್ಕೇ ಜನ ಬೇಜಾರು ಮಾಡಿಕೊಂಡಿದ್ದರು. ನನಗೆ ಅದರ ಕೊರತೆ ಒಂದು ದಿನವೂ ಕಾಣಲಿಲ್ಲ. ಹಿಡಿಯುತ್ತೇನೆ, ಎತ್ತುತ್ತೇನೆ, ಅರ್ಧಕ್ಕೆ ಬಂದ ಮೇಲೆ ಅದೇ ಮೇಲೆ ಹೋಗುತ್ತದೆ. ಮುಚ್ಚುವಾಗ ಒಂದು ಎಳೆತ, ಮುಗಿಯಿತು.

ನಮ್ಮ ಕಡೆ ಮಳೆಗಾಲ ಹೇಗಿರುತ್ತದೆ ಗೊತ್ತಲ್ಲ. ಜಡಿಮಳೆಯಲ್ಲಿ ಸಾಮಾನು ಇಡುವಾಗ ಬೇಕಿರುವುದು ಬೇಗ ತೆರೆದು ಬೇಗ ಮುಚ್ಚುವುದು. ತಮ್ಮನ ಗಾಡಿಯಲ್ಲಿ ಪವರ್ ಟೈಲ್‌ಗೇಟ್ ಇದೆ. ಬಟನ್ ಒತ್ತಿದರೆ ಬೀಪ್ ಬೀಪ್ ಅಂತ ನಿಧಾನಕ್ಕೆ ಏಳುತ್ತದೆ. ಅಷ್ಟರಲ್ಲಿ ಬಾಗಿಲ ಮೇಲೆ ನಿಂತ ನೀರು ಜಾರಿ ಡಿಕ್ಕಿಯ ಒಳಕ್ಕೇ ಸುರಿಯುತ್ತದೆ. ಅವಸರ ಮಾಡಿ ಕೈಯಲ್ಲಿ ತಳ್ಳೋಣ ಅಂದರೆ ಬಿಗಿ, ಮೋಟಾರ್‌ಗೂ ಒಳ್ಳೆಯದಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಿ. ಆಗುಂಬೆ ಘಾಟಿ ಇಳಿಯುವಾಗ ನಿಮ್ಮನ್ನು ಕಾಪಾಡುವುದು ಟೈರ್.

ಎರಡು ಮಕ್ಕಳ ಅಮ್ಮ:
ತೀರ್ಥಹಳ್ಳಿಯವರೇ, ನಿಮ್ಮ ಎತ್ತರ ಎಷ್ಟು? ಜಗಳಕ್ಕೆ ಕೇಳುತ್ತಿಲ್ಲ, ಇಡೀ ವಿಷಯ ಇರುವುದೇ ಅಲ್ಲಿ.

ನಾನು 5 ಅಡಿ. ಮೊದಲಿದ್ದ ಎಸ್‌ಯುವಿಯ ಡಿಕ್ಕಿ ಬಾಗಿಲು ಪೂರ್ತಿ ಮೇಲೆ ಹೋದರೆ ನನ್ನ ಕೈಗೆ ಸಿಗುತ್ತಿರಲಿಲ್ಲ. ಒಂದು ಕೈಯಲ್ಲಿ ಮಗು, ಹೆಗಲಿಗೆ ಶಾಲೆಯ ಬ್ಯಾಗು. ಕಾಲ್ಬೆರಳ ಮೇಲೆ ನಿಂತು ಒಳಗಿನ ಹಿಡಿ ಹುಡುಕಬೇಕು. ಸಿಕ್ಕ ಮೇಲೆ ಇಡೀ ಮೈಭಾರ ಹಾಕಿ ಎಳೆಯಬೇಕು. ಸೂಪರ್ ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಯಾರನ್ನಾದರೂ "ಅಣ್ಣಾ, ಸ್ವಲ್ಪ ಇದನ್ನ ಮುಚ್ಚಿಕೊಡ್ತೀರಾ" ಅಂತ ಕೇಳಬೇಕಾಗುತ್ತಿತ್ತು. ನನ್ನ ಗಂಡ 5 ಅಡಿ 11 ಅಂಗುಲ. ಅವರಿಗೆ ಇದು ತೊಂದರೆ ಅಂತಲೇ ಅನ್ನಿಸಿರಲಿಲ್ಲ. ಗಾಡಿ ಆರಿಸಿದ್ದು ಅವರು, ದಿನಾ ಡಿಕ್ಕಿ ತೆರೆದು ಮುಚ್ಚುವವಳು ನಾನು.

ಹಾಸನದ ಹುಡುಗರೇ, ನಿಮ್ಮ ಮನೆಯಲ್ಲಿ ಡಿಕ್ಕಿ ಜಾಸ್ತಿ ಬಳಸುವವರು ಯಾರು? ಅವರನ್ನು ಶೋರೂಮ್‌ಗೆ ಕರೆದುಕೊಂಡು ಹೋಗಿ. ಪವರ್ ಇಲ್ಲದ ವೇರಿಯಂಟ್‌ನ ಬಾಗಿಲನ್ನು ಪೂರ್ತಿ ಎತ್ತಿ, ಅವರ ಕೈಯಲ್ಲೇ ಮುಚ್ಚಿಸಿ ನೋಡಿ. ಸಲೀಸಾಗಿ ಮುಚ್ಚಿದರೆ ನಿಮ್ಮ ದುಡ್ಡು ಉಳಿಯಿತು.

ಮಂಗಳೂರು ವರ್ಕ್‌ಶಾಪ್:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಗ್ಯಾರೇಜ್ ನಡೆಸುತ್ತೇನೆ, ಒಳಗಿನ ಕೆಲಸ ಸ್ವಲ್ಪ ಹೇಳುತ್ತೇನೆ. ಯಾಕೆ ಎತ್ತುವುದು ಸುಲಭ, ಮುಚ್ಚುವುದು ಕಷ್ಟ ಅನ್ನುವುದು ಆಗ ಗೊತ್ತಾಗುತ್ತದೆ.

ದೊಡ್ಡ ಎಸ್‌ಯುವಿಯ ಡಿಕ್ಕಿ ಬಾಗಿಲು ಅಂದರೆ ಗಾಜು, ವೈಪರ್ ಮೋಟಾರ್, ಲೈಟು ಎಲ್ಲ ಸೇರಿ 30 ಕೆಜಿ ಆಸುಪಾಸು ತೂಗುತ್ತದೆ. ಸಾದಾ ಬಾಗಿಲಿನಲ್ಲಿ ಎರಡು ಕಡೆ ಗ್ಯಾಸ್ ಸ್ಟ್ರಟ್ ಇರುತ್ತದೆ. ನಮ್ಮ ಹುಡುಗರು ಶಾಕರ್ ಅಂತಲೇ ಕರೆಯುತ್ತಾರೆ. ಕೊಳವೆಯೊಳಗೆ ಹೆಚ್ಚಿನ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ. ಅದು ಬಾಗಿಲನ್ನು ಯಾವಾಗಲೂ ಮೇಲಕ್ಕೇ ತಳ್ಳುತ್ತಿರುತ್ತದೆ. ಹಾಗಾಗಿ ಎತ್ತುವಾಗ ನಿಮ್ಮ ಕೆಲಸ ಮೊದಲ ಅರ್ಧ ಮಾತ್ರ. ಮುಚ್ಚುವಾಗ ಅದೇ ಗ್ಯಾಸ್ ನಿಮಗೆ ಎದುರು ನಿಲ್ಲುತ್ತದೆ, ಅದನ್ನು ಸೋಲಿಸಿ ಕೆಳಗೆ ಎಳೆಯಬೇಕು. ಕೊನೆಗೆ ಲಾಕ್ ಕೂರುವಷ್ಟು ರಭಸವೂ ಬೇಕು. ಅದಕ್ಕೇ ಜನ ಧಡ್ ಅಂತ ಬಡಿಯುವುದು.

ಪವರ್ ಟೈಲ್‌ಗೇಟ್‌ನಲ್ಲಿ ಗ್ಯಾಸ್ ಸ್ಟ್ರಟ್ ಜಾಗದಲ್ಲಿ ಸ್ವಲ್ಪ ದಪ್ಪ ಕೊಳವೆ ಬರುತ್ತದೆ. ಅದರೊಳಗೆ ಚಿಕ್ಕ ಮೋಟಾರ್, ಗೇರ್, ಉದ್ದದ ಸ್ಕ್ರೂ ಮತ್ತು ಸುತ್ತ ಒಂದು ಸ್ಪ್ರಿಂಗ್. ಬಾಗಿಲಿನ ಭಾರ ಸ್ಪ್ರಿಂಗ್ ಹೊರುತ್ತದೆ, ಮೋಟಾರ್ ಸ್ಕ್ರೂ ತಿರುಗಿಸಿ ಉದ್ದ ಗಿಡ್ಡ ಮಾಡುತ್ತದೆ. ಕೆಲವು ಗಾಡಿಯಲ್ಲಿ ಒಂದೇ ಕಡೆ ಮೋಟಾರ್ ಇರುತ್ತದೆ, ಇನ್ನೊಂದು ಕಡೆ ಬರೀ ಸ್ಪ್ರಿಂಗ್. ಬಾಗಿಲು ಎಲ್ಲಿದೆ ಅಂತ ತಿಳಿಯಲು ಸೆನ್ಸರ್ ಇದೆ. ಮಧ್ಯೆ ಏನಾದರೂ ಸಿಕ್ಕಿ ಮೋಟಾರ್‌ಗೆ ಭಾರ ಬಿದ್ದರೆ ಕರೆಂಟ್ ಜಾಸ್ತಿ ಎಳೆಯುತ್ತದೆ. ಕಂಟ್ರೋಲರ್ ಅದನ್ನು ಗಮನಿಸಿ ಬಾಗಿಲನ್ನು ನಿಲ್ಲಿಸುತ್ತದೆ ಅಥವಾ ಹಿಂದಕ್ಕೆ ತಿರುಗಿಸುತ್ತದೆ. ಒಳ್ಳೆಯ ಗಾಡಿಗಳಲ್ಲಿ ಬಾಗಿಲ ಅಂಚಿಗೂ ಒತ್ತಡ ಅರಿಯುವ ರಬ್ಬರ್ ಪಟ್ಟಿ ಇರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಕೊನೆಯ ಕೆಲವು ಮಿಲಿಮೀಟರ್ ಲಾಕ್ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಬಡಿಯುವ ಅಗತ್ಯವೇ ಇಲ್ಲ.

ಈಗ ಖರ್ಚಿನ ಮಾತು. ಸಾದಾ ಸ್ಟ್ರಟ್ ಜೋಡಿ ಕೆಲವು ಸಾವಿರಕ್ಕೆ ಮುಗಿಯುತ್ತದೆ, ಅರ್ಧ ಗಂಟೆ ಕೆಲಸ. ಪವರ್ ಸ್ಟ್ರಟ್ ಕಂಪನಿಯಿಂದಲೇ ತರಿಸಬೇಕು, ಬೆಲೆ ಅದರ ಎಷ್ಟೋ ಪಟ್ಟು. ಆದರೆ ನನ್ನ ಅನುಭವದಲ್ಲಿ ಮೋಟಾರ್ ಸುಟ್ಟು ಬರುವ ಗಾಡಿ ಕಡಿಮೆ. ಜಾಸ್ತಿ ಬರುವುದು ವೈರಿಂಗ್. ಬಾಡಿಯಿಂದ ಬಾಗಿಲಿಗೆ ಹೋಗುವ ವೈರು ಒಂದು ರಬ್ಬರ್ ತೋಳಿನೊಳಗೆ ಮಡಚಿ ಬಿಚ್ಚಿ ಮಾಡಿ ಕೊನೆಗೆ ತುಂಡಾಗುತ್ತದೆ. ಸಾದಾ ಬಾಗಿಲಿಗೂ ಈ ರೋಗ ಇದೆ, ಕ್ಯಾಮೆರಾ ಮತ್ತು ನಂಬರ್ ಪ್ಲೇಟ್ ಲೈಟು ಅಲ್ಲಿಂದಲೇ ಹೋಗುವುದು.

ತೀರ್ಥಹಳ್ಳಿ ತೋಟ:
ಮೇಡಂ, ನಾನು 5 ಅಡಿ 10 ಇದ್ದೇನೆ. ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಅದಕ್ಕೊಂದು ಅಗ್ಗದ ದಾರಿ ಇದೆ. ನಮ್ಮಮ್ಮನಿಗೂ ಬಾಗಿಲು ಎಟುಕುವುದಿಲ್ಲ. ಒಳಗಿನ ಹಿಡಿಗೆ ಗಟ್ಟಿ ನೈಲಾನ್ ಪಟ್ಟಿ ಕಟ್ಟಿದ್ದೇವೆ, ಬಸ್ಸಿನಲ್ಲಿ ನಿಂತವರು ಹಿಡಿಯುವ ಪಟ್ಟಿ ಇರುತ್ತದಲ್ಲ, ಆ ಥರದ್ದು. ಕೆಳಗೆ ಜೋತಾಡುತ್ತದೆ, ಹಿಡಿದು ಎಳೆಯುತ್ತಾರೆ. 200 ರೂಪಾಯಿ ಕೂಡ ಆಗಲಿಲ್ಲ.

ಎರಡು ಮಕ್ಕಳ ಅಮ್ಮ:
ಪಟ್ಟಿ ಒಳ್ಳೆಯ ಉಪಾಯ, ನಾನೂ ಕಟ್ಟಿದ್ದೆ. ಎಟುಕದ ಸಮಸ್ಯೆ ತೀರುತ್ತದೆ, ಬಲದ ಸಮಸ್ಯೆ ಹಾಗೇ ಉಳಿಯುತ್ತದೆ. ವರ್ಕ್‌ಶಾಪ್‌ನವರು ಹೇಳಿದ ಹಾಗೆ ಗ್ಯಾಸ್ ಎದುರಿಗೆ ಎಳೆಯಲೇಬೇಕಲ್ಲ. ಪಟ್ಟಿ ಹಿಡಿದು ಅರ್ಧ ಎಳೆದ ಮೇಲೆ ಕೈ ಬದಲಿಸಿ ತಳ್ಳಬೇಕು. ಮಗು ಕಂಕುಳಲ್ಲಿದ್ದಾಗ ಅದು ಆಗದ ಕೆಲಸ. ಆಮೇಲೆ ಆ ಪಟ್ಟಿ ಬಾಗಿಲಿಗೆ ಸಿಕ್ಕಿಕೊಂಡು ಲಾಕ್ ಸರಿಯಾಗಿ ಕೂರುವುದಿಲ್ಲ, ನೋಡಿಕೊಳ್ಳಬೇಕು.

ಮೈಸೂರು ನಿವೃತ್ತ ಮೇಷ್ಟ್ರು:
ನನ್ನದು ಎತ್ತರದ ಸಮಸ್ಯೆ ಅಲ್ಲ, ಹೆಗಲಿನದು. ಬಲಗೈ ಕಿವಿಯಿಂದ ಮೇಲಕ್ಕೆ ಹೋಗುವುದಿಲ್ಲ. ಇಷ್ಟು ವರ್ಷ ಕಾರು ಓಡಿಸಿಕೊಂಡು ಬಂದವನು ಡಿಕ್ಕಿ ಮುಚ್ಚಲು ಇನ್ನೊಬ್ಬರನ್ನು ಕರೆಯಬೇಕಾದಾಗ ಮನಸ್ಸಿಗೆ ಬಹಳ ಕಷ್ಟವಾಗುತ್ತಿತ್ತು. ಮಗ ಹೊಸ ಗಾಡಿ ತೆಗೆದುಕೊಂಡಾಗ ಪವರ್ ಟೈಲ್‌ಗೇಟ್ ಇರುವುದನ್ನೇ ಆರಿಸಿದ. ಈಗ ನಾನೊಬ್ಬನೇ ಮಾರ್ಕೆಟ್‌ಗೆ ಹೋಗಿ ಬರುತ್ತೇನೆ. ಒಳಗೆ ಚೀಲ ಇಡುತ್ತೇನೆ, ಬಾಗಿಲ ಕೆಳ ಅಂಚಿನ ಬಟನ್ ಎಡಗೈಯಲ್ಲಿ ಒತ್ತುತ್ತೇನೆ, ಡ್ರೈವರ್ ಸೀಟಿಗೆ ನಡೆದು ಬರುವಷ್ಟರಲ್ಲಿ ಅದು ಮುಚ್ಚಿರುತ್ತದೆ.

ಹಾಸನದವರೇ, ನಿಮ್ಮ ತಂದೆ ತಾಯಿಗೆ ವಯಸ್ಸಾಗುತ್ತಿದೆ ಅಲ್ವಾ. ಗಾಡಿ ಹತ್ತು ವರ್ಷ ಇಟ್ಟುಕೊಳ್ಳುವವರು ಇವತ್ತಿನ ಕೈಬಲ ನೋಡಿ ಲೆಕ್ಕ ಹಾಕಬಾರದು.

ಹಾಸನದ ಹುಡುಗ:
ಸರ್, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ನಾನು ಕಾಲು ಆಡಿಸಿ ತೆರೆಯುವುದನ್ನೇ ನೋಡಿ ಇದು ಶೋಕಿ ಅಂದುಕೊಂಡಿದ್ದೆ. ಮುಚ್ಚುವ ಕಡೆ ಯೋಚಿಸಿರಲಿಲ್ಲ.

ಇನ್ನೊಂದು ಪ್ರಶ್ನೆ. ನಮ್ಮದು ಅಪಾರ್ಟ್‌ಮೆಂಟ್ ಬೇಸ್‌ಮೆಂಟ್. ಪಾರ್ಕಿಂಗ್ ಹಿಂಭಾಗದಲ್ಲಿ ಸೀಲಿಂಗ್‌ಗೆ ನೀರಿನ ಪೈಪು, ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪು ಎಲ್ಲ ಹೋಗಿವೆ. ಬಾಗಿಲು ತಾನಾಗಿ ಎದ್ದು ಅದಕ್ಕೆ ಬಡಿದರೆ?

ಮಂಗಳೂರು ವರ್ಕ್‌ಶಾಪ್:
ಒಳ್ಳೆಯ ಪ್ರಶ್ನೆ. ಬೆಂಗಳೂರಿನವರು ಗಾಡಿ ತಗೊಂಡ ಮೇಲೆ ಕೇಳುತ್ತಾರೆ, ನೀವು ಮೊದಲೇ ಕೇಳಿದಿರಿ. ಬಡಿದ ಮೇಲೆ ನಿಲ್ಲುತ್ತದೆ ನಿಜ, ಆದರೆ ಬಡಿದೇ ನಿಲ್ಲುವುದು. ಮೇಲಿನ ಅಂಚಿನ ಪೇಂಟ್ ಹೋಗುತ್ತದೆ.

ಬಹುತೇಕ ಗಾಡಿಗಳಲ್ಲಿ ಎಷ್ಟು ಎತ್ತರ ಏಳಬೇಕು ಅಂತ ನಾವೇ ಹೇಳಿಕೊಡಬಹುದು. ಬಾಗಿಲನ್ನು ಬೇಕಾದ ಎತ್ತರದಲ್ಲಿ ನಿಲ್ಲಿಸಿ, ಬಾಗಿಲಲ್ಲೇ ಇರುವ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಬೀಪ್ ಬರುತ್ತದೆ. ಅಲ್ಲಿಂದ ಮುಂದೆ ಅಷ್ಟಕ್ಕೇ ನಿಲ್ಲುತ್ತದೆ. ಕೆಲವು ಗಾಡಿಯಲ್ಲಿ ಸ್ಕ್ರೀನ್‌ನಲ್ಲಿ ಸೆಟ್ಟಿಂಗ್ ಇರುತ್ತದೆ. ಬುಕ್ ಮಾಡುವ ಮೊದಲು ಶೋರೂಮ್‌ನಲ್ಲಿ ಬಾಗಿಲು ಪೂರ್ತಿ ಎತ್ತಿಸಿ ನೆಲದಿಂದ ಟೇಪ್ ಹಿಡಿದು ಅಳೆಯಿರಿ. ಮನೆಗೆ ಬಂದು ಪೈಪಿನ ಕೆಳಗೂ ಅಳೆಯಿರಿ. ಬಾಗಿಲು ಮೇಲೆ ಏಳುವ ಮುಂಚೆ ಹಿಂದಕ್ಕೂ ಚಾಚುತ್ತದೆ, ಹಿಂದಿನ ಗೋಡೆಗೆ ಎಷ್ಟು ಜಾಗ ಬೇಕು ಅನ್ನುವುದನ್ನೂ ನೋಡಿ. ಒಂದರ ಮೇಲೊಂದು ಕಾರು ನಿಲ್ಲಿಸುವ ಯಂತ್ರದ ಪಾರ್ಕಿಂಗ್ ಇದ್ದರಂತೂ ಒಳಗೆ ಡಿಕ್ಕಿ ತೆರೆಯಲೇಬೇಡಿ, ಹೊರಗೆ ತಂದು ತೆರೆಯಿರಿ.

ಎರಡು ಮಕ್ಕಳ ಅಮ್ಮ:
ಎತ್ತರ ಸೆಟ್ ಮಾಡುವಾಗ ಒಂದು ಮಾತು. ನನಗೆ ಅನುಕೂಲ ಅಂತ ತೀರಾ ಕೆಳಗೆ ಸೆಟ್ ಮಾಡಿದರೆ ಉದ್ದ ಇರುವವರ ತಲೆಗೆ ಅಂಚು ತಾಗುತ್ತದೆ. ಮನೆಯಲ್ಲಿ ಎತ್ತರ ಇರುವವರು ನಿಂತು ನೋಡಿ ಆಮೇಲೆ ಉಳಿಸಿ. ನಮ್ಮಲ್ಲಿ ಇಬ್ಬರಿಗೂ ಒಗ್ಗುವ ಎತ್ತರ ಸಿಕ್ಕಿತು.

ಹುಬ್ಬಳ್ಳಿ ರೋಡ್:
ನಂದೂ ಒಂದು ಪ್ರಶ್ನೆ ರೀ. ಕೆಳಗಿನ ವೇರಿಯಂಟ್ ತಗೊಂಡು ಹೊರಗಡೆ ಕಿಟ್ ಹಾಕಿಸಿದರೆ ಹೇಗೆ? ಇಲ್ಲಿ ಆಕ್ಸೆಸರಿ ಅಂಗಡಿಯವರು 35,000 ಹೇಳಿದರು. ವೇರಿಯಂಟ್ ಬದಲಿಸುವುದಕ್ಕಿಂತ ಬಹಳ ಕಡಿಮೆ ಆಯಿತಲ್ಲ?

ಮಂಗಳೂರು ವರ್ಕ್‌ಶಾಪ್:
ನಾನಾದರೆ ಹಾಕಿಸುವುದಿಲ್ಲ. ಹಾಕಿಸಿಕೊಂಡವರೆಲ್ಲ ಕಷ್ಟಪಟ್ಟಿದ್ದಾರೆ ಅಂತಲ್ಲ, ಚೆನ್ನಾಗಿ ನಡೆಯುತ್ತಿರುವ ಗಾಡಿಗಳೂ ಬರುತ್ತವೆ. ನನ್ನ ಚಿಂತೆ ಮೂರು ಕಡೆ.

ಒಂದು, ವೈರಿಂಗ್. ಗಾಡಿಯ ಮೂಲ ವೈರು ಕತ್ತರಿಸಿ ಜೋಡಿಸಿದರೆ ನಾಳೆ ಎಲೆಕ್ಟ್ರಿಕಲ್ ತೊಂದರೆ ಬಂದಾಗ ಕಂಪನಿಯವರು ವಾರಂಟಿ ಕೊಡಲ್ಲ ಅನ್ನಬಹುದು. ಗಾಡಿಗೆ ಸರಿಯಾಗಿ ಕೂರುವ ಕಪ್ಲರ್, ಅಂದರೆ ವೈರು ಕತ್ತರಿಸದೆ ಸಿಕ್ಕಿಸುವ ಪ್ಲಗ್, ಇರುವ ಕಿಟ್ ಆದರೆ ಸ್ವಲ್ಪ ವಾಸಿ. ಎರಡು, ಬಾಗಿಲಿಗೆ ಲೆಕ್ಕ ಹಾಕದ ಸ್ಪ್ರಿಂಗ್. ನಿಮ್ಮ ಬಾಗಿಲಿನ ತೂಕಕ್ಕೆ ಸ್ಪ್ರಿಂಗ್ ಹೊಂದದಿದ್ದರೆ ಮೋಟಾರ್ ಸದಾ ತಿಣುಕುತ್ತದೆ, ಇಲ್ಲಾ ಬಾಗಿಲು ನಡುವೆ ನಿಲ್ಲದೆ ಜಾರುತ್ತದೆ. ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಅಂಚಿನ ರಬ್ಬರ್ ಪಟ್ಟಿಯ ಸೆನ್ಸರ್ ಈ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಬರೀ ಮೋಟಾರ್ ಕರೆಂಟ್ ನೋಡಿ ನಿಲ್ಲಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದರ ಮೇಲೆ ನಂಬಿಕೆ ಇಟ್ಟು ನಾನು ಮಲಗಲಾರೆ.

ಹುಬ್ಬಳ್ಳಿ ರೋಡ್:
ಮೂರನೇ ಮಾತು ಕೇಳಿದ ಮೇಲೆ ಮನಸ್ಸು ಬದಲಾಯಿತು ರೀ. ಮನೆಯಲ್ಲಿ ಮೂರು ವರ್ಷದ ಮೊಮ್ಮಗ ಇದ್ದಾನೆ. ಆ ಯೋಚನೆ ಬಿಟ್ಟೆ. ಅಂದ ಹಾಗೆ ಈಗ 2025ರಲ್ಲಿ ಬಂದ ಮಾರುತಿ ವಿಕ್ಟೋರಿಸ್‌ನಲ್ಲೂ ಪವರ್ ಟೈಲ್‌ಗೇಟ್ ಇದೆ, ಕಾಲಿನ ಸನ್ನೆಗೂ ತೆರೆಯುತ್ತದೆ. ಐದು ಸೀಟು ಸಾಕು ಅನ್ನುವವರು ಅದನ್ನೂ ನೋಡಬಹುದು.

ಮಿಷಿಗನ್ ಕನ್ನಡಿಗ:
ಇಲ್ಲಿ ಅಮೆರಿಕದಲ್ಲಿ ಕುಟುಂಬದ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ. ಕಾಲು ಆಡಿಸಿ ತೆರೆಯುವುದನ್ನು ಜನಪ್ರಿಯ ಮಾಡಿದ್ದು ಫೋರ್ಡ್ ಎಸ್ಕೇಪ್, 2013ರ ಮಾಡೆಲ್. ಈಗ ಬಹಳಷ್ಟು ಕಂಪನಿಗಳು ಕೊಡುತ್ತವೆ.

ಚಳಿ ಪ್ರದೇಶದ ಅನುಭವ ಹೇಳುತ್ತೇನೆ, ಹೊರದೇಶದಲ್ಲಿರುವ ನಮ್ಮವರಿಗೆ ಉಪಯೋಗ ಆಗಬಹುದು. ಚಳಿಗೆ ಗ್ಯಾಸ್ ಸ್ಟ್ರಟ್ ಸೋಲುತ್ತದೆ. ತಾಪಮಾನ ಇಳಿದರೆ ಗ್ಯಾಸ್ ಒತ್ತಡವೂ ಇಳಿಯುತ್ತದೆ, ಶಾಲೆಯಲ್ಲಿ ಓದಿದ್ದೇ. 30 ಡಿಗ್ರಿಯಿಂದ ಮೈನಸ್ 20ಕ್ಕೆ ಬಂದರೆ ಒತ್ತಡ ಸುಮಾರು 16 ಶೇಕಡಾ ಕಮ್ಮಿ. ಸ್ವಲ್ಪ ಹಳೆಯ ಸ್ಟ್ರಟ್ ಆದರೆ ಬಾಗಿಲು ಮೇಲೆ ನಿಲ್ಲದೆ ತಲೆಯ ಮೇಲೆ ಇಳಿಯುತ್ತದೆ. ಮೋಟಾರ್ ಮತ್ತು ಸ್ಪ್ರಿಂಗ್ ಇರುವ ಬಾಗಿಲಿಗೆ ಈ ತೊಂದರೆ ಕಮ್ಮಿ. ಅದಕ್ಕೆ ಬೇರೆ ಕಾಟ ಇದೆ. ರಬ್ಬರ್ ಸೀಲ್‌ಗೆ ಹಿಮ ಅಂಟಿಕೊಂಡರೆ ಬಾಗಿಲು ಕಿತ್ತು ಬರುವುದಿಲ್ಲ. ಮೇಲೆ ಹಿಮ ಕೂತಿದ್ದರೆ ಭಾರ ಅಂತ ಅರ್ಧಕ್ಕೆ ನಿಲ್ಲುತ್ತದೆ. ಮೊದಲು ಹಿಮ ಗುಡಿಸಿ ಆಮೇಲೆ ಬಟನ್ ಒತ್ತಬೇಕು.

ಸುರಕ್ಷೆಯ ಬಗ್ಗೆಯೂ ಒಂದು ವಿಷಯ. 2015ರಲ್ಲಿ ಇಲ್ಲಿ ಜನರಲ್ ಮೋಟಾರ್ಸ್ ಕಂಪನಿ ಲಕ್ಷಗಟ್ಟಲೆ ದೊಡ್ಡ ಫ್ಯಾಮಿಲಿ ಗಾಡಿಗಳನ್ನು ರೀಕಾಲ್ ಮಾಡಿತ್ತು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಿತ್ತು. ಶೆವರ್ಲೆ ಟ್ರಾವರ್ಸ್, ಜಿಎಂಸಿ ಅಕೇಡಿಯಾ ಥರದವು. ಪವರ್ ಬಾಗಿಲಿನ ಸ್ಟ್ರಟ್ ಒಳಗೆ ಧೂಳು ಕೊಳೆ ಸೇರಿ ಸವೆದು, ಬಾಗಿಲು ಇದ್ದಕ್ಕಿದ್ದಂತೆ ಕೆಳಗೆ ಬೀಳುತ್ತಿತ್ತು. ಹಲವರಿಗೆ ಗಾಯ ಆಗಿತ್ತು. ಮೋಟಾರ್ ಇದ್ದ ಮಾತ್ರಕ್ಕೆ ಬಾಗಿಲು ಬೀಳುವುದೇ ಇಲ್ಲ ಅಂತ ನಂಬಿ ಮಕ್ಕಳನ್ನು ಕೆಳಗೆ ನಿಲ್ಲಿಸಬೇಡಿ. ಬಾಗಿಲು ಮೊದಲಿನಷ್ಟು ಏಳುತ್ತಿಲ್ಲ, ಎದ್ದ ಮೇಲೆ ಸ್ವಲ್ಪ ಜಗ್ಗುತ್ತಿದೆ ಅನ್ನಿಸಿದರೆ ಆವತ್ತೇ ತೋರಿಸಿ.

ಹಾಸನದ ಹುಡುಗ:
ಇದು ಕೇಳಿ ಸ್ವಲ್ಪ ಭಯ ಆಯಿತು. ಮಕ್ಕಳ ಬೆರಳು ಸಿಕ್ಕಿಕೊಂಡರೆ ನಿಜವಾಗಿ ನಿಲ್ಲುತ್ತದಾ?

ಮಂಗಳೂರು ವರ್ಕ್‌ಶಾಪ್:
ನಿಲ್ಲುತ್ತದೆ, ಆದರೆ ಎಲ್ಲ ಕಡೆಯೂ ಅಲ್ಲ. ಗಾಡಿ ಕೈಗೆ ಬರುವ ಮೊದಲು ಪಿಡಿಐ, ಅಂದರೆ ಡೆಲಿವರಿಗೆ ಮುಂಚಿನ ತಪಾಸಣೆ, ಮಾಡುತ್ತೀರಲ್ಲ, ಆಗ ದಪ್ಪ ಟವಲ್ ಸುರುಳಿ ಸುತ್ತಿ ಅಂಚಿಗೆ ಇಟ್ಟು ಮುಚ್ಚಿಸಿ ನೋಡಿ. ಎಡ, ಬಲ, ನಡುವೆ ಮೂರೂ ಕಡೆ. ಕೈ ಇಟ್ಟು ಪರೀಕ್ಷೆ ಮಾಡುವ ಕೆಲಸ ಮಾತ್ರ ಬೇಡ. ಮುಖ್ಯವಾಗಿ ಕೊನೆಯಲ್ಲಿ ಲಾಕ್ ಒಳಗೆ ಎಳೆದುಕೊಳ್ಳುವ ಹಂತ ಇದೆಯಲ್ಲ, ಅಲ್ಲಿ ಜಾಗ ಬಹಳ ಕಡಿಮೆ, ಬಲ ಜಾಸ್ತಿ. ಅಲ್ಲಿ ಸೆನ್ಸರ್ ನಂಬಬೇಡಿ. ಮೂಲೆಯಲ್ಲಿ ಬಾಗಿಲ ಹಿಂಜ್ ಮತ್ತು ಸ್ಟ್ರಟ್ ಇರುವ ಕಡೆಯೂ ಮಕ್ಕಳು ಕೈ ಹಾಕುತ್ತಾರೆ, ಅದನ್ನು ಯಾರೂ ಗಮನಿಸುವುದಿಲ್ಲ.

ಸರಿಯಾಗಿ ಹೇಳಬೇಕೆಂದರೆ, ಕೈಯಲ್ಲಿ ಬಡಿದು ಮುಚ್ಚುವ ಬಾಗಿಲಿಗೆ ಯಾವ ಸೆನ್ಸರ್ರೂ ಇಲ್ಲ. ಹಾಗೆ ನೋಡಿದರೆ ಬೆರಳಿಗೆ ಪವರ್ ಬಾಗಿಲೇ ವಾಸಿ. ತೊಂದರೆ ಏನೆಂದರೆ ದೂರದಿಂದ ಕೀ ಒತ್ತಿ ಮುಚ್ಚುವುದು. ಹಿಂದೆ ಯಾರಿದ್ದಾರೆ ಕಾಣುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಮುಚ್ಚುವಾಗ ಹಿಂದೆಯೇ ನಿಂತು ಬಾಗಿಲ ಬಟನ್ ಒತ್ತುವ ಅಭ್ಯಾಸ ಇಟ್ಟುಕೊಳ್ಳಿ.

ಎರಡು ಮಕ್ಕಳ ಅಮ್ಮ:
ಕಾಲು ಆಡಿಸುವ ಸೌಲಭ್ಯದ ಬಗ್ಗೆ ಹೆಂಗಸರ ಕಡೆಯಿಂದ ಒಂದು ಮಾತು, ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ. ಸೀರೆ ಉಟ್ಟು, ಕಂಕುಳಲ್ಲಿ ಮಗು, ಕೈಯಲ್ಲಿ ಬ್ಯಾಗು ಹಿಡಿದು ಒಂಟಿ ಕಾಲಲ್ಲಿ ನಿಂತು ಬಂಪರ್ ಕೆಳಗೆ ಇನ್ನೊಂದು ಕಾಲು ಹಾಕುವುದು ಸುಲಭ ಅಲ್ಲ. ನೆಲ ಒದ್ದೆ ಇದ್ದರೆ ಅಪಾಯವೇ. ನಾನು ಅದನ್ನು ಬಿಟ್ಟೇ ಬಿಟ್ಟಿದ್ದೇನೆ, ಕೀ ಬಟನ್ ಒತ್ತುತ್ತೇನೆ. ನನ್ನ ಅಕ್ಕನ ಹುಂಡೈ ಟ್ಯೂಸಾನ್‌ನಲ್ಲಿ ಕೀ ಜೊತೆ ಹಿಂದೆ ಬಂದು ಮೂರು ಸೆಕೆಂಡ್ ನಿಂತರೆ ಸಾಕು, ತಾನೇ ತೆರೆಯುತ್ತದೆ. ಅದು ನಮ್ಮಂಥವರಿಗೆ ಎಷ್ಟೋ ಮೇಲು. ಹಾಗಾಗಿ ಕಾಲಿನ ಸನ್ನೆ ಇದೆಯಾ ಇಲ್ಲವಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮುಚ್ಚುವ ಬಟನ್ ಕೈಗೆ ಎಟುಕುವ ಜಾಗದಲ್ಲಿ ಇದೆಯಾ ನೋಡಿ. ಬಾಗಿಲ ಅಂಚಿನಲ್ಲೇ ಇದ್ದು, ಬಾಗಿಲು ಪೂರ್ತಿ ಎದ್ದಾಗ ಅದೂ ಮೇಲೆ ಹೋದರೆ ನನ್ನಂಥವರಿಗೆ ಪ್ರಯೋಜನ ಇಲ್ಲ. ಆಗ ಎತ್ತರ ಕಡಿಮೆ ಸೆಟ್ ಮಾಡಲೇಬೇಕು.

ತೀರ್ಥಹಳ್ಳಿ ತೋಟ:
ಕಾಲಿನ ಸೆನ್ಸರ್ ಬಗ್ಗೆ ನನ್ನದೂ ಒಂದು ಸೇರಿಸುತ್ತೇನೆ. ತಮ್ಮ ಕೀ ಜೇಬಿನಲ್ಲಿ ಇಟ್ಟುಕೊಂಡು ಗಾಡಿ ತೊಳೆಯುತ್ತಿದ್ದ. ಪೈಪಿನ ನೀರು ಬಂಪರ್ ಕೆಳಗೆ ಹೋಗಿದ್ದೇ ಬಾಗಿಲು ಎದ್ದು ನಿಂತಿತು. ಒಳಗೆಲ್ಲ ನೀರು.

ಮಂಗಳೂರು ವರ್ಕ್‌ಶಾಪ್:
ಅದು ದೋಷ ಅಲ್ಲ, ಅದರ ಸ್ವಭಾವ. ಬಂಪರ್ ಒಳಗೆ ತಂತಿಯಂಥ ಎರಡು ಆಂಟೆನಾ ಇರುತ್ತವೆ. ಕಾಲು ಹತ್ತಿರ ಬಂದು ಹಿಂದೆ ಹೋದ ಬದಲಾವಣೆಯನ್ನು ಅವು ಗುರುತಿಸುತ್ತವೆ. ನೀರಿನ ಧಾರೆಯೂ ಅವಕ್ಕೆ ಕಾಲಿನ ಹಾಗೇ ಕಾಣಬಹುದು. ಕೀ ಹತ್ತಿರ ಇದ್ದರೆ ತೆರೆಯುತ್ತದೆ. ತೊಳೆಯುವಾಗ ಕೀ ಮನೆಯೊಳಗೆ ಇಡಿ, ಇಲ್ಲಾ ಆ ಸೌಲಭ್ಯವನ್ನು ಸ್ಕ್ರೀನ್‌ನಲ್ಲಿ ಆಫ್ ಮಾಡಿ. ಇನ್ನೊಂದು, ಕಾಲನ್ನು ನೇರ ಒಳಗೆ ಹಾಕಿ ನೇರ ಹಿಂದೆ ತೆಗೆಯಬೇಕು. ಜನ ಎಡಕ್ಕೂ ಬಲಕ್ಕೂ ಗುಡಿಸಿದ ಹಾಗೆ ಆಡಿಸುತ್ತಾರೆ, ಅದಕ್ಕೇ ತೆರೆಯುವುದಿಲ್ಲ. ಮಲೆನಾಡಿನ ಕೆಸರು ಬಂಪರ್ ಕೆಳಗೆ ದಪ್ಪಗೆ ಅಂಟಿದ್ದರೂ ಕೆಲಸ ಮಾಡುವುದಿಲ್ಲ.

ಹಾಸನದ ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮ, ಅಪ್ಪ, ಹೆಂಡತಿ ಮೂವರನ್ನೂ ಶೋರೂಮ್‌ಗೆ ಕರೆದುಕೊಂಡು ಹೋದೆ. ಪವರ್ ಇಲ್ಲದ ಬಾಗಿಲು ಅಮ್ಮನ ಕೈಗೆ ಎಟುಕಲೇ ಇಲ್ಲ. ಹೆಂಡತಿ ಎಟುಕಿಸಿ ಮುಚ್ಚಿದಳು, ಆದರೆ ಎರಡೂ ಕೈ ಬೇಕಾಯಿತು. ನಾನು ಒಂದೇ ಕೈಯಲ್ಲಿ ಮುಚ್ಚಿದೆ. ಊರಿಗೆ ಹೊರಟಾಗ ತೆಂಗಿನಕಾಯಿ, ಅಕ್ಕಿ ಚೀಲ, ಉಪ್ಪಿನಕಾಯಿ ಡಬ್ಬ ಎಲ್ಲ ಜೋಡಿಸಿ ಇಡುವವರು ಅಮ್ಮ. ನಾನು ಸ್ಟೀರಿಂಗ್ ಮುಂದೆ ಕೂತು ಕಾಯುವವನು.

ಹೈಕ್ರಾಸ್‌ನ ಮೇಲಿನ ವೇರಿಯಂಟ್ ಬುಕ್ ಮಾಡಿದೆವು. ಟೈಲ್‌ಗೇಟ್ ಒಂದಕ್ಕೇ ಅಲ್ಲ. ಮಧ್ಯದ ಸಾಲಿನ ಸೀಟಿನಲ್ಲಿ ಕಾಲು ಚಾಚಿ ಕೂತ ಅಪ್ಪ ಅಲ್ಲಿಂದ ಎದ್ದೇಳಲು ಒಪ್ಪಲಿಲ್ಲ. ಬರೀ ಟೈಲ್‌ಗೇಟ್‌ಗಾಗಿ ಅಷ್ಟು ದುಡ್ಡು ಕೊಡಬೇಕಾಗಿದ್ದರೆ ಇನ್ನೂ ಯೋಚಿಸುತ್ತಿದ್ದೆ. ಬೇಸ್‌ಮೆಂಟ್‌ನಲ್ಲಿ ಅಳತೆ ತೆಗೆದೆ, ಪೂರ್ತಿ ಎದ್ದರೆ ಪೈಪಿಗೆ ತಾಗುತ್ತದೆ. ಎತ್ತರ ಕಡಿಮೆ ಮಾಡಿಕೊಡಲು ಡೆಲಿವರಿ ದಿನವೇ ಹೇಳುತ್ತೇನೆ.

ಮೈಸೂರು ನಿವೃತ್ತ ಮೇಷ್ಟ್ರು:
ಸಂತೋಷ. ತಾಯಿಗೆ ಬಟನ್ ಎಲ್ಲಿದೆ ಅಂತ ಹೇಳಿ ಬಿಡಬೇಡಿ, ನಾಲ್ಕೈದು ಸಲ ಅವರ ಕೈಯಲ್ಲೇ ಮಾಡಿಸಿ. ಮೊದಲು ನಾವು ಹಿರಿಯರು ಹೆದರುತ್ತೇವೆ, ಬಾಗಿಲು ತಾನೇ ಚಲಿಸುವಾಗ ಕೈಯಲ್ಲಿ ತಡೆಯಲು ಹೋಗುತ್ತೇವೆ.

ತೀರ್ಥಹಳ್ಳಿ ತೋಟ:
ಅಭಿನಂದನೆ. ಪವರ್ ಟೈಲ್‌ಗೇಟ್ ನನಗೆ ಬೇಡ ಅನ್ನುವ ಮಾತು ನನಗೆ ಈಗಲೂ ಅದೇ. ನಿಮ್ಮಮ್ಮನ ವಿಷಯದಲ್ಲಿ ಮಾತ್ರ ನೀವು ಮಾಡಿದ್ದು ಸರಿ. ಟೈರ್ ಮರೆಯಬೇಡಿ.

ಕೊಪ್ಪಳ ಕಾರು:
ಹಳೆಯ ಚರ್ಚೆ ಮೇಲೆತ್ತುತ್ತಿದ್ದೇನೆ, ಕ್ಷಮಿಸಿ. ನನ್ನ ಗಾಡಿಯ ಬ್ಯಾಟರಿ ಪೂರ್ತಿ ಇಳಿದು ಹೋಗಿತ್ತು, ಹೊಸದು ಹಾಕಿಸಿದೆ. ಈಗ ಟೈಲ್‌ಗೇಟ್ ಬಟನ್ ಒತ್ತಿದರೆ ಬರೀ ಬೀಪ್, ಬಾಗಿಲು ಅಲ್ಲಾಡುವುದಿಲ್ಲ. ಮೊನ್ನೆ ಬ್ಯಾಟರಿ ಇಲ್ಲದಾಗ ಡಿಕ್ಕಿ ತೆರೆಯಲೂ ಆಗಲಿಲ್ಲ, ಸಾಮಾನೆಲ್ಲ ಒಳಗೇ ಇತ್ತು. ಮೋಟಾರ್ ಹೋಗಿದೆಯಾ?

ಮಂಗಳೂರು ವರ್ಕ್‌ಶಾಪ್:
ಮೋಟಾರ್ ಹೋಗಿರುವ ಸಾಧ್ಯತೆ ಕಡಿಮೆ, ಹೆದರಬೇಡಿ. ಬ್ಯಾಟರಿ ತೆಗೆದಾಗ ಬಾಗಿಲು ಎಲ್ಲಿದೆ ಅನ್ನುವ ಲೆಕ್ಕವನ್ನು ಕಂಟ್ರೋಲರ್ ಮರೆತುಬಿಡುತ್ತದೆ. ಬಹುತೇಕ ಗಾಡಿಗಳಲ್ಲಿ ಬಾಗಿಲನ್ನು ಕೈಯಲ್ಲಿ ನಿಧಾನವಾಗಿ ಪೂರ್ತಿ ಮುಚ್ಚಿ, ಲಾಕ್ ಕೂತ ಸದ್ದು ಕೇಳಿಸಿದ ಮೇಲೆ ಬಟನ್ ಒತ್ತಿ ಒಮ್ಮೆ ಪೂರ್ತಿ ತೆರೆಸಿ ಮುಚ್ಚಿಸಿದರೆ ಮತ್ತೆ ಲೆಕ್ಕ ಕಲಿಯುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಇದರ ಕ್ರಮ ಬರೆದಿರುತ್ತಾರೆ, ಅದನ್ನೇ ಅನುಸರಿಸಿ. ಆಗಲೂ ಬರೀ ಬೀಪ್ ಬಂದರೆ ಫ್ಯೂಸ್ ನೋಡಿ, ಆಮೇಲೆ ರಬ್ಬರ್ ತೋಳಿನೊಳಗಿನ ವೈರು ನೋಡಿಸಿ. ಮೊದಲೇ ಸೆಟ್ ಮಾಡಿದ್ದ ಎತ್ತರ ಅಳಿಸಿ ಹೋಗಿರಬಹುದು, ಹಾಗಾಗಿ ಮೇಲೆ ಏನೂ ತಾಗದ ಬಯಲಿನಲ್ಲಿ ಮಾಡಿ.

ಬ್ಯಾಟರಿ ಸತ್ತಾಗ ತೆರೆಯುವುದಕ್ಕೂ ದಾರಿ ಇದೆ. ಈಗಿನ ಸಾದಾ ಬಾಗಿಲಿಗೂ ಕರೆಂಟ್ ಲಾಕೇ ಇರುವುದು, ಅದಕ್ಕೆ ಇದು ಎಲ್ಲರಿಗೂ ಗೊತ್ತಿರಬೇಕು. ಹಿಂದಿನ ಸೀಟು ಮಡಚಿ ಡಿಕ್ಕಿಯೊಳಗೆ ತೆವಳಿ ಹೋದರೆ ಬಾಗಿಲ ಒಳಭಾಗದಲ್ಲಿ, ಲಾಕ್ ಹತ್ತಿರ ಒಂದು ಚಿಕ್ಕ ಪ್ಲಾಸ್ಟಿಕ್ ಮುಚ್ಚಳ ಸಿಗುತ್ತದೆ. ತೆಳು ಸ್ಕ್ರೂಡ್ರೈವರ್‌ನಿಂದ ಮುಚ್ಚಳ ಎಬ್ಬಿಸಿ. ಒಳಗಿನ ಲಿವರ್ ಪಕ್ಕಕ್ಕೆ ಸರಿಸಿದರೆ ಲಾಕ್ ಬಿಡುತ್ತದೆ. ಆಮೇಲೆ ಬಾಗಿಲನ್ನು ಕೈಯಲ್ಲಿ ತಳ್ಳಬೇಕು. ಮೋಟಾರ್ ಸ್ಕ್ರೂ ಇರುವುದರಿಂದ ಮಾಮೂಲಿಗಿಂತ ಬಿಗಿ ಇರುತ್ತದೆ, ಇಬ್ಬರಿದ್ದರೆ ಒಳ್ಳೆಯದು. ಸ್ಕ್ರೂಡ್ರೈವರ್ ಡಿಕ್ಕಿಯಲ್ಲಿ ಇಡಬೇಡಿ, ಮುಂದಿನ ಗ್ಲೋವ್ ಬಾಕ್ಸ್‌ನಲ್ಲಿ ಇಡಿ.